ದಾನದ ಸ್ಟ್ಯಾಂಡಿಗೂ ಸವಕಳಿ ಉಂಟು



ಇಂಜಿನಿಯರುಗಳೇ ತುಂಬಿರುವ ಸಭೆಯಲ್ಲಿ ಒಬ್ಬ ಚಾರ್ಟರ್ಡ್ ಅಕೌಂಟೆಂಟ್ ಕೈಗೆ ಮೈಕ್ ಕೊಟ್ಟಿದ್ದೀರಿ. ಹೆದರಬೇಡಿ, ಟ್ಯಾಕ್ಸ್ ಬಗ್ಗೆ ಮಾತನಾಡುವುದಿಲ್ಲ. ಒಂದು ಸೈಕಲ್ ಸ್ಟ್ಯಾಂಡಿನ ಲೆಕ್ಕ ಒಪ್ಪಿಸುತ್ತೇನೆ.

ಕೆಲವು ವರ್ಷಗಳ ಹಿಂದೆ ನಮ್ಮ ಡ್ಯಾನ್‌ವಿಲ್ ಕಡೆಯ ಕೆಲವು ಇಂಜಿನಿಯರಿಂಗ್ ವಿದ್ಯಾರ್ಥಿಗಳು ಅರಸೀಕೆರೆ ಹತ್ತಿರದ ನಮ್ಮ ಹಳ್ಳಿಗೆಂದು ಒಂದು ರಿಪೇರಿ ಸ್ಟ್ಯಾಂಡ್ ಮಾಡಿದರು. ಸೈಕಲನ್ನು ಎತ್ತಿ ಹಿಡಿಯುವ, ಎತ್ತರ ಹೊಂದಿಸಿಕೊಳ್ಳಬಹುದಾದ ಸ್ಟ್ಯಾಂಡ್. ನಮ್ಮ ಸರ್ಕಾರ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರುಮಾಡಿದ್ದು ನಿಮಗೆ ನೆನಪಿರಬಹುದು. ನಮ್ಮೂರಲ್ಲಿ ಆ ಸೈಕಲ್‌ಗಳು ಕೆಟ್ಟರೆ ಬರುವುದು ನನ್ನ ಸೋದರಮಾವನ ಅಂಗಡಿಗೆ. ಸ್ಟ್ಯಾಂಡ್ ಹೋದದ್ದೂ ಅಲ್ಲಿಗೇ.

ಹಣದ ಲೆಕ್ಕ ನನ್ನ ಪಾಲಿಗೆ ಬಂದಿತ್ತು. ತಲುಪಿದ ರಸೀದಿ ಬಂತು. 'ಯೋಜನೆ ಪೂರ್ಣ' ಎಂದು ಬರೆದು ಸಹಿ ಹಾಕಿದೆ.

ಮರುವರ್ಷ ಊರಿಗೆ ಹೋದಾಗ ಸ್ಟ್ಯಾಂಡ್ ಮೂಲೆಯಲ್ಲಿತ್ತು. ಅದರ ಮೇಲೆ ಹಳೆಯ ಟ್ಯೂಬುಗಳು ನೇತಾಡುತ್ತಿದ್ದವು. ಮಾವ ಎಂದಿನಂತೆ ಸೈಕಲ್ ತಲೆಕೆಳಗು ಮಾಡಿ, ಕುಕ್ಕರಗಾಲಲ್ಲಿ ಕೂತಿದ್ದರು. ಅವರ ಎರಡೂ ಮಂಡಿ ಸವೆದಿವೆ, ಏಳಬೇಕಾದರೆ ಕಂಬ ಹಿಡಿಯಬೇಕು.

"ಅಲ್ಲ ಕಣೋ ಅಳಿಯ, ಇದನ್ನ ಎಷ್ಟು ಇಳಿಸಿದ್ರೂ ನಿಂತು ಕೆಲಸ ಮಾಡೋರಿಗೇ ಸರಿ. ನಾನು ಕೂತು ಮಾಡೋನು. ಸ್ಟೂಲ್ ಮೇಲೆ ಕೂತ್ರೆ ಕೈಗೆ ಸಿಗೋ ಹಾಗಿದ್ದಿದ್ರೆ ನನ್ನ ಮಂಡಿ ಉಳೀತಿತ್ತು. ಪ್ಲಾಸ್ಟಿಕ್ ಹಿಡಿ ಬೇರೆ ಮುರೀತು. ನಟ್ಟು ಬೋಲ್ಟ್ ಆಗಿದ್ರೆ ಅರಸೀಕೆರೇಲೇ ತರ್ತಿದ್ದೆ" ಎಂದರು.

ಇದು ಆ ಹುಡುಗರ ತಪ್ಪಲ್ಲ. ಅವರನ್ನು ಊರಿಗೆ ಕಳಿಸಿ ಕೇಳಿಸಲು ಬಜೆಟ್ಟಿನಲ್ಲಿ ನಾನು ಒಂದು ಡಾಲರೂ ಇಟ್ಟಿರಲಿಲ್ಲ. ಹೋಗಲಿ, ಸ್ವಂತ ಅಳಿಯ ಮಾವನಿಗೆ ಒಂದು ಫೋನ್ ಮಾಡಿರಲಿಲ್ಲ.

ಕೇಳುವುದರಿಂದ ಏನಾಗುತ್ತದೆ ಎಂಬುದಕ್ಕೆ ನಮ್ಮ ಪಕ್ಕದ ಸ್ಟ್ಯಾನ್‌ಫರ್ಡೇ ಸಾಕ್ಷಿ. 2007ರಲ್ಲಿ ಅಲ್ಲಿನ ವಿದ್ಯಾರ್ಥಿಗಳು ಅಗ್ಗದ ಇನ್‌ಕ್ಯುಬೇಟರ್ ಮಾಡಲು ಹೊರಟರು. ನೇಪಾಳಕ್ಕೆ ಹೋಗಿ ನೋಡಿದರೆ, ಆಸ್ಪತ್ರೆಗೆ ತಲುಪಲಾಗದ ಹಳ್ಳಿಯ ಮಕ್ಕಳೇ ಹೆಚ್ಚು ಅಪಾಯದಲ್ಲಿದ್ದರು. ಹಾಗಾಗಿ ವಿದ್ಯುತ್ತಿಗೆ ಸದಾ ಜೋಡಿಸಿರಬೇಕಿಲ್ಲದ, ಮೇಣದ ಚೀಲದಿಂದ ಮಗುವನ್ನು 37 ಡಿಗ್ರಿಯಲ್ಲಿಡುವ 'ಎಂಬ್ರೇಸ್' ಹುಟ್ಟಿತು. ಆಮೇಲೆ ಆ ತಂಡ ಬೆಂಗಳೂರಿಗೇ ಬಂದು ನೆಲೆಸಿ ಕೆಲಸ ಮಾಡಿತು. ಒಬ್ಬ ತಾಯಿ, ವೈದ್ಯರು ಹೇಳಿದ್ದಕ್ಕಿಂತ ಕಡಿಮೆ ಶಾಖದಲ್ಲೇ ಇಡುತ್ತೇನೆ ಎಂದಾಗ, ಅಂಕಿ ತೋರಿಸುವುದನ್ನು ಬಿಟ್ಟು 'ಸರಿ ಇದೆ, ಸರಿ ಇಲ್ಲ' ಎಂಬ ಸೂಚನೆ ಇಟ್ಟರು.

ಈಗ ನಮ್ಮ ಎರಡನೇ ಸ್ಟ್ಯಾಂಡ್ ಸಿದ್ಧವಾಗುತ್ತಿದೆ. ಮಾವ ಸ್ಟೂಲ್ ಮೇಲೆ ಕೂತು, ಟೇಪಿನಲ್ಲಿ ಅಳತೆ ಹಿಡಿದು ಫೋಟೋ ಕಳಿಸಿದ್ದಾರೆ. ವಿದ್ಯಾರ್ಥಿಗಳು ವಿಡಿಯೋ ಕಾಲ್‌ನಲ್ಲಿ ಅವರ ಜತೆ ಕೂತು ನಕ್ಷೆ ತಿದ್ದಿದ್ದಾರೆ. ವೆಲ್ಡಿಂಗ್ ಅರಸೀಕೆರೆಯಲ್ಲೇ.

ನಿಮ್ಮಲ್ಲಿ ನನ್ನ ವಿನಂತಿ ಇಷ್ಟೇ. ಇನ್ನು ಮುಂದೆ ಊರಿಗೆ ಏನೇ ಕಳಿಸಿದರೂ ಮೂರು ಸಾಲು ಬರೆಯೋಣ: ಮೊದಲು ಕೇಳುವ ಖರ್ಚು, ಅಲ್ಲೇ ಸಿಗುವ ಬಿಡಿಭಾಗದ ಖರ್ಚು, ಮರುವರ್ಷ ಹೋಗಿ ನೋಡುವ ಖರ್ಚು. ದಾನಕ್ಕೂ ಸವಕಳಿ ಉಂಟು. ಮಾವ ಕಂಬ ಹಿಡಿಯದೆ ಎದ್ದ ದಿನ 'ಪೂರ್ಣ' ಎಂದು ಬರೆಯುತ್ತೇನೆ. ಅಲ್ಲಿಯವರೆಗೆ ಆ ಲೆಕ್ಕ ಬಾಕಿ.