ಚಪ್ಪರದ ಮದ್ದು ಹಾಲಿಗೆ ಸೇರದಿರಲಿ

(ಬಂಟ್ವಾಳ, ಬೆಳ್ತಂಗಡಿ ಹಾಗೂ ಮೂಡುಬಿದಿರೆಯ ಹಾಲು ಉತ್ಪಾದಕರನ್ನುದ್ದೇಶಿಸಿ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ದನದ ಡಾಕ್ಟರಿಗೆ ತರಕಾರಿಯ ಉಸಾಬರಿ ಏಕೆ ಎಂದು ನಿಮಗೆ ಅನ್ನಿಸಬಹುದು. ನಮ್ಮಲ್ಲಿ ಹಟ್ಟಿಗೂ ಹಿತ್ತಿಲಿಗೂ ಹೆಚ್ಚು ದೂರವಿಲ್ಲ. ಹೀರೆಕಾಯಿಯ ಸಿಪ್ಪೆ ಅಕ್ಕಚ್ಚಿಗೆ, ಅಲಸಂಡೆ ಬಳ್ಳಿ ಮತ್ತು ಚಪ್ಪರದಡಿಯ ಹುಲ್ಲು ಬೈಪಣೆಗೆ ಹೋಗುತ್ತವೆ. ಗಿಡಕ್ಕೆ ಬಿಟ್ಟ ಮದ್ದು ದನಕ್ಕೂ ತಲಪುವುದು ಹೀಗೆ.

ಟೀ ಸೊಳ್ಳೆಯ ಹತೋಟಿಗೆಂದು ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ್ದರ ಪರಿಣಾಮವನ್ನು ಕೊಕ್ಕಡ, ಪಟ್ರಮೆ, ನಿಡ್ಲೆಯವರಿಗೆ ನಾನು ಹೇಳಬೇಕಾಗಿಲ್ಲ. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಾದ್ಯಂತ ನಿಷೇಧಿಸಿತು. ಕೊಬ್ಬಿನಲ್ಲಿ ಕರಗುವ ಕೀಟನಾಶಕಗಳು ಹಾಲಿನ ಜಿಡ್ಡಿನೊಂದಿಗೆ ಹೊರಬರುತ್ತವೆ. ಹಾಲು ಕಾಯಿಸಿದರೆ ರೋಗಾಣು ಸಾಯುತ್ತದೆ; ಅಂಥ ವಿಷ ಹೋಗುವುದಿಲ್ಲ.

ಹಟ್ಟಿಯ ನೊಣದಿಂದ ತರಕಾರಿ ಕೊಳೆಯುತ್ತದೆಂದು ಕೆಲವರು ನಂಬಿದ್ದಾರೆ. ಹಾಗಲ್ಲ. ಹೀರೆ, ಹಾಗಲ, ಸೌತೆಗೆ ಬರುವ ಹಣ್ಣುನೊಣವೇ ಬೇರೆ. ಅದು ಎಳೆಕಾಯಿಯನ್ನು ಚುಚ್ಚಿ ಸಿಪ್ಪೆಯೊಳಗೆ ಮೊಟ್ಟೆಯಿಡುತ್ತದೆ. ಹುಳ ಒಳಗಿದ್ದು ತಿರುಳು ತಿನ್ನುವಾಗ ಹೊರಗಿನಿಂದ ಬಿಟ್ಟ ಮದ್ದು ಅದಕ್ಕೆ ತಾಗುವುದು ಕಷ್ಟ. ಬಲಿತ ಹುಳ ಮಣ್ಣಿಗಿಳಿದು, ಕೋಶವಾಗಿ, ಮತ್ತೆ ನೊಣವಾಗಿ ಮೇಲೇಳುತ್ತದೆ. ಆದುದರಿಂದ ಹೀಗೆ ಮಾಡಿರಿ:

1. ಹುಳ ಬಿದ್ದ ಕಾಯಿಗಳನ್ನು ದಿನಾಲೂ ಹೆಕ್ಕಿ ಎರಡು ಅಡಿ ಆಳದಲ್ಲಿ ಹೂಳಿರಿ. ಗೊಬ್ಬರ ಗುಂಡಿಯ ಮೇಲೆ ಎಸೆದರೆ ಅಲ್ಲಿಂದಲೇ ನೊಣ ಏಳುತ್ತದೆ.

2. ಕಾಯಿ ಕಚ್ಚಿದ ಕೂಡಲೇ ತೆಳು ಬಟ್ಟೆಯ ಚೀಲ ಕಟ್ಟಿರಿ. ಮಳೆಯಿಲ್ಲದಾಗ ಹಳೆಯ ಪತ್ರಿಕೆಯೂ ಸಾಕು.

3. ಹೂ ಬಿಡುವಾಗಲೇ ಚಪ್ಪರಕ್ಕೆ ಕ್ಯೂ-ಲೂರ್ ಮೋಹಕ ಬಲೆ ತೂಗುಹಾಕಿರಿ. ಅದರಲ್ಲಿ ಬೀಳುವುದು ಗಂಡು ನೊಣ ಮಾತ್ರ. ಮೊದಲಿನ ಎರಡು ಕೆಲಸ ಬಿಡಬಾರದು.

4. ಅಲಸಂಡೆಯ ಸಸ್ಯಹೇನಿಗೆ 1 ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ಸ್ವಲ್ಪ ಸಾಬೂನು ಕಲಸಿ ಸಂಜೆ ಸಿಂಪಡಿಸಿರಿ. ಬೆಳಿಗ್ಗೆ ಪಕ್ಕದ ಸೌತೆ, ಹಾಗಲದ ಹೂವಿಗೆ ಜೇನುನೊಣ ಬರುತ್ತದೆ.

ಅನಿವಾರ್ಯವಾಗಿ ಕೀಟನಾಶಕ ಬಳಸಿದರೆ, ಡಬ್ಬಿಯ ಮೇಲೆ ಬರೆದಿರುವ ಅವಧಿ ಮುಗಿಯುವ ತನಕ ಅಲ್ಲಿಯ ಕಾಯಿ ಕೊಯ್ಯಬೇಡಿ, ಸೊಪ್ಪು ಹುಲ್ಲನ್ನು ದನಕ್ಕೆ ಹಾಕಬೇಡಿ. ಮದ್ದು ಕಲಸಿದ ಬಕೆಟನ್ನು ಹಟ್ಟಿಗೆ ತರಲೇಬೇಡಿ. ದನ ಜೊಲ್ಲು ಸುರಿಸಿ, ನಡುಗಿ, ಏದುಸಿರು ಬಿಟ್ಟರೆ ತಕ್ಷಣ ವೈದ್ಯರನ್ನು ಕರೆದು ಆ ಡಬ್ಬಿಯನ್ನು ತೋರಿಸಿರಿ. ಯಾವ ವಿಷವೆಂದು ತಿಳಿದರೆ ಚಿಕಿತ್ಸೆ ಬೇಗ ಆದೀತು. ವೈದ್ಯರು ಹೇಳುವ ತನಕ ಅದರ ಹಾಲನ್ನು ಡೈರಿಗೂ ಕೊಡಬೇಡಿ, ಮನೆಯಲ್ಲೂ ಬಳಸಬೇಡಿ.

ಸಂಘಕ್ಕೆ ಬಂದ ಮೇಲೆ ಎಲ್ಲರ ಹಾಲೂ ಒಂದೇ. ನಾಲ್ಕು ಹೀರೆಕಾಯಿ ಉಳಿಸಲು ಹೋಗಿ ಊರಿನ ಹಾಲು ಕೆಡಿಸುವುದು ಬೇಡ.