ನದಿಯ ತವರಿಗೆ ಕಾಲುನಡಿಗೆ



ಬೂದಿಗೆರೆಯಲ್ಲಿ ಇಂದು ಗೊಬ್ಬರದ ಮಾತು ಬೇಡ, ತಿರುಗಾಟದ ಮಾತಾಡೋಣ. ಮಳೆ ನಿಂತು ರಾಗಿ ಕೊಯ್ಲಿಗೆ ಬರುವ ಮೊದಲು ಒಂದು ದಿನ ಬಿಡುವು ಮಾಡಿಕೊಂಡು, ಮಕ್ಕಳೊಡನೆ ನಂದಿಬೆಟ್ಟ ಹತ್ತಿ ಬನ್ನಿ. ದೇವನಹಳ್ಳಿಯಿಂದ ಚಿಕ್ಕಬಳ್ಳಾಪುರದ ಬಸ್ಸು ಹಿಡಿದು, ಅಲ್ಲಿಂದ ನಂದಿ ಗ್ರಾಮಕ್ಕೆ ಹೋಗಬೇಕು. ಮುಂದೆ ಸುಲ್ತಾನ್‌ಪೇಟೆಯಿಂದ ಸಾವಿರಕ್ಕೂ ಹೆಚ್ಚು ಮೆಟ್ಟಿಲುಗಳ ಹಳೆಯ ದಾರಿಯುಂಟು. ದಾರಿ ತೆರೆದಿದೆಯೆ, ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂಬುದನ್ನು ಮೊದಲೇ ವಿಚಾರಿಸಿಕೊಳ್ಳಿ. ಬುತ್ತಿ ಕೈಯಲ್ಲಿ ತೂಗಾಡದಿರಲಿ. ಅಲ್ಲಿಯ ಕೋತಿಗಳು ನಮ್ಮ ಹೊಲದವಕ್ಕಿಂತ ಚುರುಕು.

ಬೆಟ್ಟದ ಎತ್ತರ 1478 ಮೀಟರು. ನಮ್ಮ ದಕ್ಷಿಣ ಪಿನಾಕಿನಿ ಹುಟ್ಟುವುದು ಈ ಬೆಟ್ಟಸಾಲಿನಲ್ಲಿಯೇ. ದೇವನಹಳ್ಳಿ, ಹೊಸಕೋಟೆ ಸೀಮೆ ದಾಟಿ ತಮಿಳುನಾಡಿನ ಕಡಲೂರಿನ ಬಳಿ ಸಮುದ್ರ ಸೇರುವ ಹೊಳೆ, ನಮ್ಮಲ್ಲಿ ವರ್ಷದ ಹೆಚ್ಚು ಕಾಲ ಬತ್ತಿರುತ್ತದೆ. ಮೇಲೆ ನಿಂತು ನೋಡಿದರೆ ಕೆರೆಗಳು ಒಂದರ ಕೆಳಗೊಂದು ಕಾಣುತ್ತವೆ. ಒಂದರ ಕೋಡಿ ಹರಿದರೆ ಮತ್ತೊಂದು ತುಂಬಬೇಕು. ನಡುವಿನ ಕಾಲುವೆ ಮುಚ್ಚಿದರೆ ನೀರು ಬರುವುದೆಲ್ಲಿಂದ?

ಹಿಂದಿರುಗಿದ ಮೇಲೆ ನಿಮ್ಮೂರ ಕೆರೆಯ ಕಾಲುವೆಯ ಉದ್ದಕ್ಕೂ ಮಕ್ಕಳನ್ನು ನಡೆಸಿ. ಇದರ ಅಂಚನ್ನು ಯಾರ ನೇಗಿಲು ತಿಂದಿತು ಎಂದು ನನ್ನ ಮಗಳು ಕೇಳಿದಳು. ಆ ವರ್ಷ ನಾನು ಎರಡು ಸಾಲು ಹಿಂದೆ ಸರಿದು ಉತ್ತೆ.