ವೈದ್ಯವಿದ್ಯೆಗೆ ಯಾವ ಊರು?

ಸಂಜೆಯ ಹೊತ್ತು ಕಮಲಾಪುರದ ಕೆರೆಯ ಏರಿಯ ಮೇಲೆ ನಾಲ್ಕು ಹೆಜ್ಜೆ ಹಾಕಿ ಬರುವುದು ನನ್ನ ಬಹುಕಾಲದ ಅಭ್ಯಾಸ. ಮೊನ್ನೆ ಹಾಗೆ ಹೋಗುತ್ತಿದ್ದಾಗ ನಮ್ಮೂರಿನ ರೈತರೊಬ್ಬರು, “ಮೇಷ್ಟ್ರೇ, ಒಂದೀಟು ನಿಲ್ರಿ” ಎಂದು ಕೂಗಿದರು. ಅವರಿಗೆ ಬಾಳೆ, ಕಬ್ಬು ಬೆಳೆಯುವ ನೀರಾವರಿ ಹೊಲವಿದೆ, ಪಿ.ಯು.ಸಿ. ಮುಗಿಸಿದ ಮಗಳಿದ್ದಾಳೆ. ಹುಡುಗಿ ನೀಟ್ ಪರೀಕ್ಷೆಯಲ್ಲಿ ಅರ್ಹತೆ ಪಡೆದಿದ್ದಾಳೆ. ಆದರೆ ಸರಕಾರಿ ಸೀಟಿಗೆ ಆ ಅಂಕ ಸಾಕಾಗುವುದೋ ಇಲ್ಲವೋ ಎಂಬ ಅಳುಕು.

ಅವರ ಕೈಯಲ್ಲಿ ಬಣ್ಣಬಣ್ಣದ ಪುಸ್ತಿಕೆಯೊಂದಿತ್ತು. ಹಿಮ ಬಿದ್ದ ದೊಡ್ಡ ಕಟ್ಟಡ. ಅದರ ಮುಂದೆ ಬಿಳಿಯ ಕೋಟು ತೊಟ್ಟು ನಗುವ ಮಕ್ಕಳು. “ಹೊಲ ಅಡವಿಟ್ಟರೆ ಆರು ವರ್ಷಕ್ಕೆ ಮಗಳು ಡಾಕ್ಟರಾಗಿ ಬರ್ತಾಳಂತ್ರಿ. ಕಳಿಸಲೋ ಬೇಡವೋ, ನೀವೇ ಹೇಳ್ರಿ” ಎಂದರು.

ಅವರಿಗೆ ಆ ಸಂಜೆ ಹೇಳಿದ ಮಾತನ್ನೇ ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ. ಏಕೆಂದರೆ ಹೊಸಪೇಟೆ, ಕಂಪ್ಲಿ, ಸಂಡೂರುಗಳಲ್ಲಿಯೂ ಇಂಥ ಪುಸ್ತಿಕೆ ಹಿಡಿದು ರಾತ್ರಿ ನಿದ್ದೆ ಬಾರದೆ ಕುಳಿತ ತಂದೆತಾಯಿಗಳು ಇದ್ದಾರೆ.

ವೈದ್ಯವಿದ್ಯೆಗಾಗಿ ದೂರ ಹೋಗುವುದು ನಮ್ಮ ಸೀಮೆಗೆ ಹೊಸತಲ್ಲ. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ನಮ್ಮ ಬಳ್ಳಾರಿ ಜಿಲ್ಲೆಯು ಮದರಾಸಿನ ಆಡಳಿತದಲ್ಲಿತ್ತು. ವೈದ್ಯನಾಗಬೇಕೆಂಬ ಹುಡುಗನ ಕಣ್ಣು 1835ರಲ್ಲಿ ಆರಂಭವಾದ ಮದರಾಸಿನ ವೈದ್ಯಕೀಯ ಕಾಲೇಜಿನ ಕಡೆಗೆ ತಿರುಗುತ್ತಿತ್ತು. ಹೊಳೆ ದಾಟಿದರೆ ಆನೆಗುಂದಿ. ಅದು ನಿಜಾಮರ ಸೀಮೆ. ಅಲ್ಲಿಯವರಿಗೆ 1846ರಲ್ಲಿ ವೈದ್ಯಶಾಲೆ ತೆರೆದ ಹೈದರಾಬಾದು ರಾಜಧಾನಿ. ಇನ್ನು ಹುಬ್ಬಳ್ಳಿ ಧಾರವಾಡದವರಿಗೆ ಮುಂಬಯಿ. ಒಂದೇ ತುಂಗಭದ್ರೆಯ ನೀರು ಕುಡಿದ ಮಕ್ಕಳು, ಒಂದೇ ವಿದ್ಯೆಗಾಗಿ, ಮೂರು ದಿಕ್ಕಿಗೆ ಮುಖ ಮಾಡಬೇಕಾಗಿತ್ತು. 1961ರಲ್ಲಿ ಬಳ್ಳಾರಿಯಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಆರಂಭವಾದಾಗ ಈ ಸೀಮೆಯ ಜನ ಪಟ್ಟ ಸಂತೋಷವನ್ನು ಊಹಿಸಿಕೊಳ್ಳಬಹುದು. ‘ವಿಮ್ಸ್’ ಎಂದು ನಾವು ಕರೆಯುತ್ತ ಬಂದದ್ದು ಅದನ್ನೇ. ಹೊಳೆಯಾಚೆ ಕೊಪ್ಪಳದಲ್ಲಿಯೂ 2015ರಿಂದ ಕಾಲೇಜಿದೆ.

ಹಾಗಿದ್ದರೆ ಪರದೇಶದ ಮಾತು ಏಕೆ? ಸೀಟುಗಳು ಹೆಚ್ಚಿವೆ ನಿಜ. ಆಸೆಪಡುವವರು ಅದಕ್ಕಿಂತಲೂ ಹೆಚ್ಚಿದ್ದಾರೆ. ಸರಕಾರಿ ಸೀಟು ಕೈತಪ್ಪಿತು, ಖಾಸಗಿ ಕಾಲೇಜಿನ ಶುಲ್ಕ ಕೈಗೆಟುಕದು ಎಂದಾಗ ರಷ್ಯಾ, ಜಾರ್ಜಿಯ, ಕಜಾಕಸ್ತಾನ, ಚೀನಾ ದೇಶಗಳ ಹೆಸರು ಹತ್ತಿರದ ಊರುಗಳಂತೆ ಕೇಳಿಸತೊಡಗುತ್ತವೆ. ಹಾಗೆ ಹೋದವರನ್ನು ಹಳಿಯುವುದು ನ್ಯಾಯವಲ್ಲ. ಹೋಗಿ, ಓದಿ, ಬಂದು, ಒಳ್ಳೆಯ ವೈದ್ಯರಾದವರೂ ಇದ್ದಾರೆ. ಆದರೆ ಹೋಗುವ ಮೊದಲು ಕೇಳಬೇಕಾದ ಪ್ರಶ್ನೆಗಳನ್ನು ಹೋದ ಮೇಲೆ ಕೇಳಿದರೆ ಫಲವಿಲ್ಲ.

ಮೊದಲನೆಯ ಪ್ರಶ್ನೆ, ಮನೆಯ ಹತ್ತಿರದ ಬಾಗಿಲುಗಳನ್ನೆಲ್ಲ ತಟ್ಟಿದ್ದೇವೆಯೇ ಎಂಬುದು. ಸಂವಿಧಾನದ 371(ಜೆ) ವಿಧಿಯಂತೆ ಕಲ್ಯಾಣ ಕರ್ನಾಟಕದ ಸ್ಥಳೀಯರಿಗೆ ಈ ಭಾಗದ ಕಾಲೇಜುಗಳ ಸರಕಾರಿ ಪಾಲಿನ ಸೀಟುಗಳಲ್ಲಿ ನೂರಕ್ಕೆ 70ರಷ್ಟೂ, ರಾಜ್ಯದ ಉಳಿದೆಡೆ ನೂರಕ್ಕೆ 8ರಷ್ಟೂ ಮೀಸಲಾತಿ ಉಂಟು. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಜಿಲ್ಲೆ ಬೇರೆಯಾದರೂ ಈ ಹಕ್ಕು ನಮ್ಮಿಂದ ಹೋಗಿಲ್ಲ. ಆದರೆ ಹಕ್ಕು ತಾನಾಗಿ ಮನೆಗೆ ನಡೆದು ಬರುವುದಿಲ್ಲ. ಕಂದಾಯ ಇಲಾಖೆಯಿಂದ ಅರ್ಹತಾ ಪತ್ರ ಪಡೆದು, ಪರೀಕ್ಷಾ ಪ್ರಾಧಿಕಾರಕ್ಕೆ ಸಲ್ಲಿಸುವ ಅರ್ಜಿಯಲ್ಲಿ ಅದನ್ನು ಕಾಣಿಸಬೇಕು. ನಮ್ಮ ರೈತರನ್ನು ಕೇಳಿದೆ: “ಪತ್ರ ಮಾಡಿಸೀರೇನು?” ಅವರು ನನ್ನ ಮುಖ ನೋಡಿದರು. ಅದರ ಸುದ್ದಿಯೇ ಅವರಿಗೆ ತಿಳಿದಿರಲಿಲ್ಲ. ಸಾವಿರಾರು ಮೈಲಿ ದೂರದ ಊರಿನ ಹೆಸರು ಬಾಯಿಪಾಠವಾಗಿತ್ತು. ಹೊಸಪೇಟೆಯ ಕಚೇರಿಯಲ್ಲಿ ವಿಚಾರಿಸಬೇಕಾದ ಕಾಗದದ ಹೆಸರು ಗೊತ್ತಿರಲಿಲ್ಲ.

ಎರಡನೆಯದು, ಆ ದೇಶದ ಪದವಿ ಈ ದೇಶದಲ್ಲಿ ನಡೆಯುವುದೇ ಎಂಬುದು. ಹೊರಗೆ ಓದಲು ಹೋಗುವವರಿಗೂ ನೀಟ್ ಅರ್ಹತೆ ಬೇಕೇ ಬೇಕು. ಅದಲ್ಲದೆ ರಾಷ್ಟ್ರೀಯ ವೈದ್ಯಕೀಯ ಆಯೋಗವು 2021ರ ನವೆಂಬರಿನಲ್ಲಿ ಹೊರಡಿಸಿದ ನಿಯಮಗಳನ್ನು ಪ್ರತಿಯೊಬ್ಬ ತಂದೆಯೂ ಓದಿಸಿ ಕೇಳಬೇಕು. ವ್ಯಾಸಂಗ ಕಡಮೆಯೆಂದರೆ 54 ತಿಂಗಳು ನಡೆದಿರಬೇಕು. ಪಾಠ ಇಂಗ್ಲಿಷಿನಲ್ಲಿರಬೇಕು. ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಆಗಬೇಕು. ಇಲ್ಲಿಗೆ ಬಂದ ಮೇಲೆ ಮತ್ತೆ 12 ತಿಂಗಳು. ಸೇರಿದ ದಿನದಿಂದ ಹತ್ತು ವರ್ಷದೊಳಗೆ ಎಲ್ಲವೂ ಮುಗಿಯಬೇಕು. ಮುಖ್ಯವಾಗಿ, ಆ ದೇಶದ ಪ್ರಜೆಗೆ ಹೇಗೋ ಹಾಗೆಯೇ ನಿಮ್ಮ ಮಗುವಿಗೂ ಅಲ್ಲಿ ವೈದ್ಯವೃತ್ತಿ ಮಾಡಲು ಆ ಪದವಿಯಿಂದ ಅರ್ಹತೆ ಬರಬೇಕು. ತನ್ನ ಊರಿನಲ್ಲಿಯೇ ಸಲ್ಲದ ನಾಣ್ಯವನ್ನು ನಮ್ಮ ಊರಿನ ಸಂತೆಯಲ್ಲಿ ಯಾರು ಮುಟ್ಟುತ್ತಾರೆ?

“ನಮ್ಮ ಕಾಲೇಜು ಭಾರತದ ಆಯೋಗದಿಂದ ಮಾನ್ಯತೆ ಪಡೆದದ್ದು” ಎಂದು ಪುಸ್ತಿಕೆಯಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ಆಯೋಗವು ಪರದೇಶದ ಕಾಲೇಜುಗಳ ಅಂಥ ಯಾವ ಪಟ್ಟಿಯನ್ನೂ ಅನುಮೋದಿಸುವುದಿಲ್ಲ. ಮೇಲಿನ ನಿಯಮಗಳಿಗೆ ವ್ಯಾಸಂಗ ಹೊಂದುವುದೋ ಇಲ್ಲವೋ ನೋಡಿಕೊಳ್ಳುವ ಹೊಣೆ ಹೋಗುವವರದೇ.

ಮೂರನೆಯದು, ಹಿಂದಿರುಗಿದ ಮೇಲಿನ ಪರೀಕ್ಷೆ. ಪರದೇಶದ ಪದವೀಧರರಿಗಾಗಿ 2002ರಿಂದ ಒಂದು ಅರ್ಹತಾ ಪರೀಕ್ಷೆ ನಡೆದುಬಂದಿದೆ. ವರ್ಷಕ್ಕೆ ಎರಡು ಬಾರಿ, 300 ಪ್ರಶ್ನೆಗಳು, 150 ಸರಿಯಾದರೆ ತೇರ್ಗಡೆ. ಅರ್ಧಕ್ಕರ್ಧ ಅಂಕ ತಾನೇ ಎಂದು ಹಗುರವಾಗಿ ಕಾಣಬಹುದು. ಆದರೆ ಹಲವು ಸಲದ ಫಲಿತಾಂಶಗಳಲ್ಲಿ ಕುಳಿತ ನಾಲ್ವರಲ್ಲಿ ಒಬ್ಬರು ದಾಟುವುದೂ ಕಷ್ಟವಾಗಿದೆ. ದಾಟದವರು ಮತ್ತೆ ಮತ್ತೆ ಕೂರುತ್ತಾರೆ. ಅಷ್ಟು ದಿನವೂ ಬ್ಯಾಂಕಿನ ಬಡ್ಡಿ ಓಡುತ್ತಲೇ ಇರುತ್ತದೆ. ಪುಸ್ತಿಕೆಯ ಆರು ವರ್ಷದ ಲೆಕ್ಕದಲ್ಲಿ ಈ ಕಾಲ ಸೇರಿರುವುದಿಲ್ಲ. ಆದುದರಿಂದ ಕಾಲೇಜಿನ ಕಟ್ಟಡ ಎಷ್ಟು ಎತ್ತರ ಎಂದು ಕೇಳಬೇಡಿ; ಅಲ್ಲಿಂದ ಬಂದವರಲ್ಲಿ ಎಷ್ಟು ಮಂದಿ ಈ ಪರೀಕ್ಷೆ ದಾಟಿದರು ಎಂದು ಕೇಳಿ.

ನಾಲ್ಕನೆಯದನ್ನು ಕೇಳುವವರು ಬಹಳ ಕಡಮೆ: ಅಲ್ಲಿಯ ರೋಗಿ ಯಾವ ಮಾತು ಆಡುತ್ತಾನೆ? ಪಾಠವೇನೋ ಇಂಗ್ಲಿಷಿನಲ್ಲಿ ನಡೆದೀತು. ಆದರೆ ಹಾಸಿಗೆಯ ಮೇಲಿನ ರೋಗಿ ನರಳುವುದು ಅವನ ತಾಯಿನುಡಿಯಲ್ಲಿ. ಬಳ್ಳಾರಿಯ ವಾರ್ಡಿನಲ್ಲಿ “ಹೊಟ್ಯಾಗ ಚುಚ್ಚಿದಂಗ ಆಗತೈತಿ” ಎಂದು ಮುದುಕಿಯೊಬ್ಬಳು ಹೇಳಿದರೆ ನಮ್ಮ ಹುಡುಗಿಗೆ ಅದು ತಟ್ಟನೆ ಅರ್ಥವಾಗುತ್ತದೆ. ಜಾರ್ಜಿಯದ ಅಜ್ಜಿ ಹೇಳಿದರೆ? ಆ ನುಡಿಯನ್ನು ಕಲಿಯದಿದ್ದರೆ ರೋಗಿಯ ಬಳಿ ನಿಂತೂ ದೂರ ನಿಂತಂತೆಯೇ.

ಇದನ್ನು ಬಲ್ಲವರು ಬೇರೆ ದಾರಿಯನ್ನೂ ಕಂಡುಕೊಂಡಿದ್ದರು. ಪರದೇಶದಿಂದ ನಮ್ಮಲ್ಲಿಗೆ ವೈದ್ಯವಿದ್ಯೆಗಾಗಿ ಬಂದವರೂ ಉಂಟಷ್ಟೆ. 1953ರಲ್ಲಿ ಟಿ. ಎಂ. ಎ. ಪೈಯವರು ಸ್ಥಾಪಿಸಿದ ಮಣಿಪಾಲದ ಕಾಲೇಜಿನ ಊರಿಗೆ, 1997ರಲ್ಲಿ ಮೊದಲಾದ ಏರ್ಪಾಟಿನಂತೆ, ಮಲೇಷಿಯಾದ ವಿದ್ಯಾರ್ಥಿಗಳು ಬಂದರು. ಮೊದಲ ಎರಡೂವರೆ ವರ್ಷ ಮಣಿಪಾಲದಲ್ಲಿ ಮೂಲವಿಷಯಗಳನ್ನು ಓದಿ, ಅನಂತರ ಮಲಾಕಾಕ್ಕೆ ಮರಳಿ ತಮ್ಮ ಜನರ ನಡುವೆಯೇ ಚಿಕಿತ್ಸೆಯ ಭಾಗವನ್ನು ಕಲಿತರು. ಪುಸ್ತಕದ ವಿದ್ಯೆಗೆ ಊರಿನ ಹಂಗಿಲ್ಲ. ರೋಗಿಯ ಬಳಿ ಕಲಿಯುವ ವಿದ್ಯೆಗೆ ಉಂಟು.

ಐದನೆಯದು, ದೇಶದ ಸ್ಥಿತಿ. 2020ರ ಮಹಾಮಾರಿಯ ಕಾಲದಲ್ಲಿ ಚೀನಾದ ಗಡಿ ಮುಚ್ಚಿತು. ಅಲ್ಲಿಯ ನಮ್ಮ ವಿದ್ಯಾರ್ಥಿಗಳು ಎರಡು ವರ್ಷಕ್ಕೂ ಹೆಚ್ಚು ಕಾಲ ಮನೆಯಲ್ಲಿ ಕುಳಿತು ಪರದೆಯ ಮೇಲೆ ವೈದ್ಯವಿದ್ಯೆ ನೋಡಬೇಕಾಯಿತು. 2022ರ ಫೆಬ್ರುವರಿಯಲ್ಲಿ ಉಕ್ರೇನಿನ ಮೇಲೆ ಯುದ್ಧ ಬಂದಿತು. ರಾಣೆಬೆನ್ನೂರು ತಾಲ್ಲೂಕಿನ ಚಳಗೇರಿಯ ನವೀನ್ ಎಂಬ ವಿದ್ಯಾರ್ಥಿ ಮಾರ್ಚ್ 1ರಂದು ಖಾರ್ಕಿವ್ ನಗರದಲ್ಲಿ ಊಟದ ಸಾಮಾನು ತರಲು ಹೊರಟವನು ದಾಳಿಗೆ ಸಿಕ್ಕು ತೀರಿಕೊಂಡ. ಆ ತಿಂಗಳ 21ರಂದು ಅವನ ದೇಹ ಊರಿಗೆ ಬಂದಾಗ ತಂದೆತಾಯಿಗಳು ಅದನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನವಾಗಿ ಕೊಟ್ಟರು. ಮಗ ವೈದ್ಯನಾಗಲಿಲ್ಲ, ಬೇರೆಯವರ ಮಕ್ಕಳಾದರೂ ಕಲಿಯಲಿ ಎಂಬ ಆ ಮನಸ್ಸಿಗೆ ಏನು ಹೇಳೋಣ! ಯುದ್ಧವನ್ನು ಯಾವ ತಂದೆಯೂ ಮೊದಲೇ ಕಾಣಲಾರ. ಆದರೆ ಗಡಿಯಲ್ಲಿ ಹೊಗೆಯಾಡುವ ದೇಶ ಯಾವುದು, ಆಪತ್ತಿನಲ್ಲಿ ಹೊರಬರುವ ದಾರಿ ಯಾವುದು ಎಂದು ವಿಚಾರಿಸಬಹುದು.

ಇಷ್ಟು ಹೇಳಿ ಮುಗಿಸುವಾಗ ಕತ್ತಲಾಗಿತ್ತು. ರೈತರು ಸುಮ್ಮನೆ ಕೆರೆಯ ನೀರನ್ನು ನೋಡುತ್ತಿದ್ದರು. ಮರುದಿನ ಬೆಳಗ್ಗೆ ಅವರ ಮಗಳೇ ನಮ್ಮ ಮನೆಗೆ ಬಂದಳು. ಕೈಯಲ್ಲಿ ನೋಟುಪುಸ್ತಕ. ಐದು ಪ್ರಶ್ನೆಗಳನ್ನೂ ಅಪ್ಪನ ಬಾಯಿಂದ ಕೇಳಿ ಬರೆದುಕೊಂಡಿದ್ದಳು. “ಸಾರ್, ಆರನೆಯದು ಒಂದು ನಾನು ಸೇರಿಸಲೇನ್ರಿ?” ಎಂದಳು. “ಸೇರಿಸಮ್ಮ” ಎಂದೆ. “ಒಂದು ವರ್ಷ ಕಾದು ಮತ್ತೆ ಪರೀಕ್ಷೆ ಬರೆದರೆ ಏನು ನಷ್ಟ?”

ನಾನು ಐವತ್ತು ಮಾತಿನಲ್ಲಿ ಸುತ್ತಿ ಬಂದುದನ್ನು ಆ ಮಗು ಒಂದೇ ಮಾತಿನಲ್ಲಿ ಮುಟ್ಟಿದ್ದಳು. ಹೊಲ ಒಮ್ಮೆ ಹೋದರೆ ಮರಳುವುದು ದುಸ್ತರ. ಒಂದು ವರ್ಷ ಹೋದರೆ ಬುದ್ಧಿಯಾದರೂ ಉಳಿಯುತ್ತದೆ. ಮತ್ತೆ ಬರೆದೂ ಅಂಕ ಬಾರದಿದ್ದರೆ? ಆಗ ಹೊರಗೆ ಹೋಗಬಹುದು, ಪ್ರಶ್ನೆಗಳಿಗೆ ಉತ್ತರ ಸಿಕ್ಕ ಕಾಲೇಜಿಗೆ. ಇಲ್ಲವೇ ಶುಶ್ರೂಷೆ, ಔಷಧಶಾಸ್ತ್ರ, ಪ್ರಯೋಗಾಲಯ ವಿದ್ಯೆಗಳನ್ನು ಕಲಿಯಬಹುದು. ರೋಗಿಯ ಸೇವೆಗೆ ಬಾಗಿಲು ಒಂದೇ ಅಲ್ಲ.

ಅಂದೇ ತಂದೆಮಗಳು ಅರ್ಹತಾ ಪತ್ರಕ್ಕೆಂದು ಹೊಸಪೇಟೆಯ ಬಸ್ಸು ಹತ್ತಿದರು. ಸೀಟು ಸಿಗುವುದೋ ಇಲ್ಲವೋ ಇನ್ನೂ ತಿಳಿಯದು. ಬಣ್ಣದ ಪುಸ್ತಿಕೆಯನ್ನು ಅವರು ಹರಿದು ಹಾಕಿಲ್ಲ. ಅಟ್ಟದ ಮೇಲೆ ಇಟ್ಟಿದ್ದಾರೆ. ಹೊಲದ ಪತ್ರ ಮಾತ್ರ ಸದ್ಯಕ್ಕೆ ಪೆಟ್ಟಿಗೆಯಲ್ಲಿಯೇ ಇದೆ.

ನಿಮ್ಮ ಮನೆಗೂ ಅಂಥ ಪುಸ್ತಿಕೆ ಬಂದಿದ್ದರೆ, ರುಜು ಹಾಕುವ ಮೊದಲು ನಿಮ್ಮ ಮಗನನ್ನೋ ಮಗಳನ್ನೋ ಹತ್ತಿರ ಕೂರಿಸಿಕೊಂಡು ಈ ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿ ನೋಡಿ. ಉತ್ತರ ಯಾವ ದಿಕ್ಕಿಗೆ ಬಂದರೂ ಸರಿ, ಅದು ನಿಮ್ಮದೇ ಉತ್ತರವಾಗಿರಲಿ.